ಮುಂದೆ ತಳ್ಳಿದರೆ ವೇಗ

ಹೊಸನಗರದ ಪುಟ್ಟಪ್ಪಣ್ಣ ವಿಮಾನ ಕಟ್ಟುತ್ತಿದ್ದಾನೆ ಎಂಬುದನ್ನು ಸಾಗರದಲ್ಲಿ ಮೊದಲು ನಂಬಿದವನು ನಾನು. ನಂಬದೆ ಏನು ಮಾಡಲಿ, ಅದರ ರೆಕ್ಕೆಗೆ ಬಟ್ಟೆ ಹೊಲಿದವನೇ ನಾನು. ಸೊರಬ ರಸ್ತೆಯಲ್ಲಿ ನನ್ನದೊಂದು ಕುಶನ್ ಅಂಗಡಿ. ಜೀಪಿಗೆ ಹುಡ್ಡು, ಬಸ್ಸಿಗೆ ಸೀಟು, ಕಲ್ಯಾಣ ಮಂಟಪದ ಸೋಫಾಕ್ಕೆ ಕವರು ಹೊಲಿದುಕೊಂಡು ಇಪ್ಪತ್ತೆರಡು ವರ್ಷ ಆಯಿತು. ಒಂದು ದಿನ ಪುಟ್ಟಪ್ಪಣ್ಣ ಬಂದು, ಹದಿನೈದು ಅಡಿ ಉದ್ದದ ಎರಡು ಚೀಲ ಬೇಕು ಎಂದ. ಯಾತಕ್ಕೆ ಎಂದು ಕೇಳಿದೆ.

"ರೆಕ್ಕೆಗೆ."

"ಎಂತದರ ರೆಕ್ಕೆಗೆ ಮಾರಾಯ್ರೆ?"

"ನಾಗೇಂದ್ರ, ಹೊಲೀತೀಯಾ ಇಲ್ವಾ ಅಷ್ಟು ಹೇಳು. ದಿಂಬಿಗೆ ಹಾಕೋ ಕವರು ಅಂದ್ಕೊ. ದಿಂಬು ಸ್ವಲ್ಪ ದೊಡ್ಡದಿದೆ ಅಷ್ಟೆ."

ಪುಟ್ಟಪ್ಪಣ್ಣ ಜೀಪು ಮೆಕ್ಯಾನಿಕ್ಕು, ವಯಸ್ಸು ಅರವತ್ತನಾಲ್ಕು. ಆರು ವರ್ಷದ ಹಿಂದೆ ಎಲ್ಲಿಂದಲೋ ನಕ್ಷೆ ತರಿಸಿಕೊಂಡು, ಗ್ಯಾರೇಜಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಪೈಪು ಬೆಸೆಯಲು ಕೂತವನು ಮತ್ತೆ ಏಳಲಿಲ್ಲ. ಎರಡು ಸೀಟಿನ ವಿಮಾನ, ಒಂದು ಸೀಟಿನ ಹಿಂದೆ ಇನ್ನೊಂದು. ಮುಚ್ಚಿಹೋದ ಯಾವುದೋ ಕ್ಲಬ್ಬಿನಿಂದ ಎಂಜಿನ್ನು ಬಂತು. ಚಕ್ರ ಬಂತು, ನನ್ನ ಚೀಲಗಳು ರೆಕ್ಕೆ ಹತ್ತಿ ಬಿಗಿದುಕೊಂಡವು. ಈ ಬೇಸಿಗೆಯ ಹೊತ್ತಿಗೆ ಬಾಕಿ ಉಳಿದದ್ದು ಒಂದೇ, ಥ್ರಾಟಲ್ಲು. ಎಂದರೆ ನಮ್ಮ ಜೀಪಿನಲ್ಲಿ ಕಾಲಡಿಯ ಎಕ್ಸಲೇಟರು ಮಾಡುವ ಕೆಲಸವನ್ನು ವಿಮಾನದಲ್ಲಿ ಕೈಗೆ ಮಾಡಿಸುವ ಹಿಡಿ.

ಅದನ್ನು ಆರಿಸಲೆಂದೇ ತೀರ್ಥಹಳ್ಳಿಯ ಧನ್ಯಶ್ರೀ ಬಂದಿದ್ದಳು. ಪುಟ್ಟಪ್ಪಣ್ಣನ ತಮ್ಮನ ಮಗಳು. ಬೇರೆ ರಾಜ್ಯದ ಒಂದು ಶಾಲೆಯಲ್ಲಿ ವಿಮಾನ ಹಾರಿಸಲು ಕಲಿಸುವ ಟೀಚರು, ಹನ್ನೆರಡು ದಿನ ರಜೆ ಹಾಕಿದ್ದಳು. ದೊಡ್ಡಪ್ಪನಿಗೆ ಕಲಿಸುವವಳೂ ಅವಳೇ ಎಂದು ಮೊದಲೇ ಮಾತಾಗಿತ್ತು. ಕಲಿಯುವವನು ಮುಂದಿನ ಸೀಟು, ಕಲಿಸುವವಳು ಹಿಂದಿನ ಸೀಟು. ಆ ಮುಂದಿನ ಸೀಟಿಗಾಗಿಯೇ ಪುಟ್ಟಪ್ಪಣ್ಣ ಆರು ವರ್ಷ ಬೆಸುಗೆಯ ಹೊಗೆ ಕುಡಿದದ್ದು.

ಸೀಟಿನ ಕುಶನ್ನು ಕೊಡಲು ಹೋದ ದಿನ ನಾನೂ ಶೆಡ್ಡಿನಲ್ಲಿದ್ದೆ. ಬೆಂಚಿನ ಮೇಲೆ ಮೂರು ಹಿಡಿಗಳನ್ನು ಪುಟ್ಟಪ್ಪಣ್ಣ ಹೆಣ್ಣು ನೋಡುವ ಶಾಸ್ತ್ರದ ಹಾಗೆ ಸಾಲಾಗಿ ಇಟ್ಟಿದ್ದ. ಧನ್ಯಶ್ರೀ ಮೊದಲನೆಯದನ್ನು ಎತ್ತಿದಳು. ಅದು ಸ್ಕೂಟರಿನ ತಿರುಗಿಸುವ ಗ್ರಿಪ್ಪು.

"ಇದು ಬೇಡ. ಕೈ ಬಿಟ್ರೆ ವಾಪಸ್ ತಿರುಗಿ ಬಿಡುತ್ತೆ. ಮೇಲೆ ಹೋದ್ಮೇಲೆ ಮ್ಯಾಪು ನೋಡ್ಬೇಕು, ರೇಡಿಯೋ ತಿರುಗಿಸ್ಬೇಕು, ಮೂಗು ತುರಿಸ್ಕೊಬೇಕು. ಥ್ರಾಟಲ್ಲು ಇಟ್ಟಲ್ಲಿ ನಿಲ್ಬೇಕು ದೊಡ್ಡಪ್ಪ."

"ಹಂಗಾದ್ರೆ ಇದು." ಪುಟ್ಟಪ್ಪಣ್ಣ ಎರಡನೆಯದನ್ನು ಮುಂದೆ ಮಾಡಿದ. ಹಳೆ ಜೀಪಿನ ಡ್ಯಾಶ್‌ಬೋರ್ಡಿನಲ್ಲಿರುವ ಕೈ ಎಕ್ಸಲೇಟರಿನ ಗುಂಡಿ. "ಮೂವತ್ತೈದು ವರ್ಷ ಇಟ್ಟಲ್ಲಿ ನಿಂತಿದೆ."

ಆ ಗುಂಡಿಯ ಮಹಿಮೆ ನಮ್ಮ ಕಡೆಯ ಜೀಪಿನವರಿಗೆಲ್ಲ ಗೊತ್ತು. ಹೊರಗೆ ಎಳೆದರೆ ಎಂಜಿನ್ನು ಜೋರು, ಒಳಗೆ ತಳ್ಳಿದರೆ ನಿಧಾನ. ಮಳೆಗಾಲದಲ್ಲಿ ಕೆಸರಿನಲ್ಲಿ ಹೂತುಹೋದರೆ, ಜೊತೆಗೆ ಯಾರೂ ಇಲ್ಲದಿದ್ದರೆ, ಪುಟ್ಟಪ್ಪಣ್ಣ ಗೇರು ಹಾಕಿ, ಗುಂಡಿ ಎಳೆದಿಟ್ಟು, ಕೆಳಗಿಳಿದು ಹಿಂದಿನಿಂದ ತಾನೇ ನೂಕುತ್ತಿದ್ದ. ಜೀಪು ಎದ್ದು ಹೊರಟರೆ ಓಡಿಹೋಗಿ ಹತ್ತಿ, ಎಡಗೈಯಲ್ಲಿ ಗುಂಡಿ ಒಳಗೆ ತಳ್ಳುವುದು. ಒಂದು ಸಲ ಹತ್ತಲಾಗದೆ ಎರಡು ಫರ್ಲಾಂಗು ಜೀಪಿನ ಹಿಂದೆ ಓಡಿದ್ದನ್ನು ಹೊಸನಗರದವರು ಈಗಲೂ ಹೇಳುತ್ತಾರೆ.

"ಹಿಂದಿನ ಸೀಟಿಂದ ಇದು ನನ್ ಕೈಗೆ ಸಿಗುತ್ತಾ?" ಎಂದಳು ಧನ್ಯಶ್ರೀ.

ಸಿಗುವುದಿಲ್ಲ. ಪುಟ್ಟಪ್ಪಣ್ಣ ಗುಂಡಿಯನ್ನು ಅಂಗಿಯಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡ. ಉಳಿದದ್ದು ಮೂರನೆಯದು, ಟಿಲ್ಲರಿನ ಕ್ಲಚ್ಚು ಹಿಡಿ ಕತ್ತರಿಸಿ ಅವನೇ ಮಾಡಿದ ಜೋಡಿ ಲಿವರ್ರು. ಎಡಗಡೆ ಗೋಡೆಗೆ ಮುಂದಿನ ಸೀಟಿನ ಹತ್ತಿರ ಒಂದು, ಹಿಂದಿನ ಸೀಟಿನ ಹತ್ತಿರ ಒಂದು, ನಡುವೆ ಒಂದೇ ಕಂಬಿ. ಒಂದನ್ನು ಸರಿಸಿದರೆ ಇನ್ನೊಂದೂ ಸರಿಯುತ್ತದೆ. ಇಟ್ಟಲ್ಲಿ ನಿಲ್ಲಲೆಂದು ಬುಡಕ್ಕೆ ನನ್ನ ಅಂಗಡಿಯ ತೊಗಲಿನ ಬಿಲ್ಲೆ ಹಾಕಿ ಬಿಗಿದಿದ್ದ.

"ಇದೇ ಸರಿ," ಎಂದಳು ಧನ್ಯಶ್ರೀ. "ಚೆನ್ನಾಗಿ ಮಾಡಿದೀರಿ."

"ಮಾಡಿದೀನಲ್ಲ. ಎಳೆದ್ರೆ ಜೋರು, ತಳ್ಳಿದ್ರೆ ನಿಧಾನ."

"ಅಲ್ಲ ದೊಡ್ಡಪ್ಪ. ಮುಂದೆ ತಳ್ಳಿದ್ರೆ ಜೋರು. ಹಿಂದೆ ಎಳೆದ್ರೆ ನಿಧಾನ."

"ನನ್ನ ಕೈಗೆ ಎಳೆದ್ರೇ ಜೋರು ಮಾರಾಯ್ತಿ."

"ನನ್ ಕೈಗೆ ತಳ್ಳಿದ್ರೆ ಜೋರು. ಹಿಂದೆ ಕೂತು ನಿಮ್ಮನ್ನ ಕಾಯೋಳು ನಾನು. ಏನಾದ್ರೂ ಗಾಬರಿ ಆಯ್ತು ಅಂದ್ಕೊಳ್ಳಿ, ಇಬ್ರೂ ಒಂದೇ ಕಂಬಿ ಹಿಡ್ಕೊಂಡು ನೀವು ಆ ಕಡೆ, ನಾನು ಈ ಕಡೆ. ಹಗ್ಗ ಜಗ್ಗೋ ಆಟನಾ ಅದು?"

"ಗಾಬರಿ ಆಗೋನಲ್ಲ ನಾನು."

ಇಷ್ಟು ಹೊತ್ತೂ ಬಾಗಿಲಲ್ಲಿ ಮಜ್ಜಿಗೆಯ ಚೊಂಬು ಹಿಡಿದು ನಿಂತಿದ್ದ ಶಾಂತಕ್ಕ, ಪುಟ್ಟಪ್ಪಣ್ಣನ ಹೆಂಡತಿ, ಚೊಂಬನ್ನು ನನ್ನ ಕೈಗೆ ಕೊಟ್ಟರು.

"ಬಾಯಲ್ಲಿ ಎಂತಕ್ಕೆ ಜಗಳ? ಹತ್ತಿ ಕೂತ್ಕೊಳ್ಳಿ ಇವ್ರೇ. ಧನ್ಯಾ, ನೀ ಹೇಳ್ದಂಗೆ ಜೋಡ್ಸು. ಎಂಜಿನ್ನು ಬೇಡ, ನಾನು ರಸ್ತೆ ಹೇಳ್ತೀನಿ, ಇವ್ರು ಓಡ್ಸಲಿ. ಕೈ ಎಲ್ಲಿಗೆ ಹೋಗುತ್ತೆ ನೋಡ್ವ."

ಪುಟ್ಟಪ್ಪಣ್ಣ ಜಂಬದಿಂದಲೇ ಹತ್ತಿದ. ಶಾಂತಕ್ಕ ವಿಮಾನದ ಮೂಗಿನ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತು ಶುರುಮಾಡಿದರು.

"ಹೊಸನಗರ ಬಿಟ್ರಿ. ರಸ್ತೆ ಖಾಲಿ, ಸ್ವಲ್ಪ ಜೋರು ಹೋಗಿ. ಹಾಂ, ತಳ್ಳಿದ್ರು, ಸರಿ ಇದೆ. ಬಟ್ಟೆಮಲ್ಲಪ್ಪ ಊರು ಬಂತು. ಎದುರಿಗೆ ಬಸ್ಸು, ನಿಧಾನ. ಹಾಂ, ಎಳೆದ್ರು. ಬಸ್ಸು ಹೋಯ್ತು. ನಿಮ್ಮ ತಂಗಿ ಮನೆ ಬಂತು, ಅವ್ಳು ಜಗಲಿ ಮೇಲೆ ಕೂತು ಅಕ್ಕಿ ಆರಿಸ್ತಾ... ಅಯ್ಯೋ ದನ!"

ಪುಟ್ಟಪ್ಪಣ್ಣನ ಎಡಗೈ ಲಿವರ್ರನ್ನು ಟಕ್ಕೆಂದು ಮುಂದಕ್ಕೆ ತಳ್ಳಿತು. ಜೀಪಿನ ಲೆಕ್ಕದಲ್ಲಿ ದನ ಬದುಕಿತು. ವಿಮಾನದ ಲೆಕ್ಕದಲ್ಲಿ ಎಂಜಿನ್ನು ಫುಲ್ಲು.

"ದನ ಹೋಯ್ತು," ಎಂದಳು ಧನ್ಯಶ್ರೀ.

"ಇನ್ನೊಂದ್ಸಲ," ಎಂದ ಪುಟ್ಟಪ್ಪಣ್ಣ.

ಎರಡನೇ ಸಲ ನಾಯಿ. ಮೂರನೇ ಸಲ ಸೈಕಲ್ಲಿನ ಮೇಷ್ಟ್ರು. ನಾಲ್ಕನೇ ಸಲ ಶಾಂತಕ್ಕ ಏನೂ ಹೆಸರು ಹೇಳದೆ ಬರೀ ಕಿರುಚಿದರು. ನನ್ನ ಕೈಯ ಮಜ್ಜಿಗೆ ಚೆಲ್ಲಿತು, ಲಿವರ್ರು ಮಾತ್ರ ಮುಂದಕ್ಕೇ ಹೋಯಿತು. ಆಮೇಲೆ ಪುಟ್ಟಪ್ಪಣ್ಣ ಹಟಕ್ಕೆ ಬಿದ್ದು ಜೋಡಣೆ ತಿರುಗಿಸಿ ಧನ್ಯಶ್ರೀಯನ್ನು ಕೂರಿಸಿದ. ಅವಳೂ ಎರಡು ದನ, ಒಬ್ಬ ಮೇಷ್ಟ್ರನ್ನು ಕೊಂದಳು.

"ಕಂಡ್ಯಾ! ನಿಂಗೂ ಬರಲ್ಲ!"

"ಅದನ್ನೇ ಅಲ್ವಾ ನಾನೂ ಹೇಳಿದ್ದು? ಇಬ್ರಲ್ಲಿ ಒಬ್ರ ಕೈ ಬದಲಾಗ್ಬೇಕು. ನಾನು ಬದಲಾಯಿಸ್ಕೊಂಡ್ರೆ ವಾಪಸ್ ಹೋಗಿ ಶಾಲೆಯ ಹುಡುಗ್ರನ್ನ ಕೂರಿಸ್ಕೊಂಡು ಎಲ್ಲಿಗೆ ಗುದ್ದಲಿ? ನೀವು ಕೈ ಕಲಿಸ್ಕೊಳ್ಳಿ, ಮುಂದಿನ ಸೀಟು ನಿಮ್ದು. ಕೈ ಒಂದು ಕಡೆ, ತಲೆ ಒಂದು ಕಡೆ ಇದ್ರೆ ನಾನು ಕೂರ್ಸಲ್ಲ. ಬೇಜಾರು ಮಾಡ್ಕೊಂಡ್ರೂ ಸರಿ."

"ಅಂದ್ರೆ, ನಾನೇ ಕಟ್ಟಿದ ವಿಮಾನದಲ್ಲಿ ನಾನು ಹಿಂದಿನ ಸೀಟಿನ ಲಗೇಜಾ?"

ಪುಟ್ಟಪ್ಪಣ್ಣ ನೇರ ಗ್ಯಾರೇಜಿಗೆ ಹೋಗಿ, ಯಾರದೋ ಜೀಪಿನ ಕೆಳಗೆ ಮಲಗಿಕೊಂಡ. ಸಂಜೆಯವರೆಗೂ ಅವನ ಕಾಲಷ್ಟೇ ನಮಗೆ ಕಾಣುತ್ತಿತ್ತು.

ಮಾರನೆಯ ದಿನ ಸೀಟಿನ ಬೆಲ್ಟು ಹಿಡಿದುಕೊಂಡು ನಾನು ಮತ್ತೆ ಹೋದೆ. ನಿಜ ಹೇಳಬೇಕೆಂದರೆ ಬೆಲ್ಟು ನೆಪ, ಮುಂದೇನಾಯಿತು ಎಂದು ತಿಳಿಯದೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಧನ್ಯಶ್ರೀ ಎಂಜಿನ್ನಿನ ಮುಚ್ಚಳ ತೆಗೆದು ಒಳಗೆ ಬಗ್ಗಿದ್ದಳು.

"ದೊಡ್ಡಪ್ಪಾ! ಕಾರ್ಬೊರೇಟರಿಗೆ ಈ ಸ್ಪ್ರಿಂಗು ಯಾರು ಹಾಕಿದ್ದು?"

ಪುಟ್ಟಪ್ಪಣ್ಣನ ಮುಖ ಅರಳಿತು. ನಿನ್ನೆಯಿಂದ ಅದೇ ಮೊದಲು.

"ನಾನೇ. ಕ್ಲಬ್ಬಿನೋರು ಉಲ್ಟಾ ಹಾಕಿದ್ರು. ಕೇಬಲ್ಲು ಬಿಚ್ಚಿದ್ರೆ ಎಂಜಿನ್ನು ಫುಲ್ ಓಡೋ ಹಂಗೆ ಇತ್ತು. ಯಾವ ಮಂಗ ಜೋಡ್ಸಿದ್ನೋ! ಕೇಬಲ್ಲು ಹರಿದ್ರೆ ನಿಧಾನ ಆಗೋ ಹಂಗೆ, ನಮ್ಮ ಜೀಪಿನ ಸ್ಪ್ರಿಂಗು ಹಾಕಿ ಸರಿ ಮಾಡ್ದೆ."

"ಅದು ಉಲ್ಟಾ ಅಲ್ಲ. ಈ ಎಂಜಿನ್ನಿಗೆ ಅದು ಹಂಗೇ ಇರ್ಬೇಕು."

"ಕೇಬಲ್ಲು ಹರಿದ್ರೆ ಫುಲ್ಲಾ? ಹುಚ್ಚಾ?"

ಧನ್ಯಶ್ರೀ ಕೈ ಒರೆಸಿಕೊಂಡು ತಗಡಿನ ಡಬ್ಬದ ಮೇಲೆ ಕೂತಳು. "ಆಗುಂಬೆ ಘಾಟಿಯಲ್ಲಿ ಕೇಬಲ್ಲು ಹರಿದ್ರೆ ಎಂತ ಮಾಡ್ತೀರಿ?"

"ಎಂಜಿನ್ನು ಇಳಿಯುತ್ತೆ. ಬದಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಒಂದು ಬೀಡಿ ಹಚ್ತೀನಿ."

"ಸಾವಿರ ಅಡಿ ಮೇಲೆ ಹರೀತು. ಬದಿ ಯಾವ್ದು? ಕಲ್ಲು ಯಾವ್ದು?"

ಪುಟ್ಟಪ್ಪಣ್ಣ ಎಂಜಿನ್ನಿನ ಹತ್ತಿರ ಬಂದು ಬಗ್ಗಿದ.

"ಎಂಜಿನ್ನು ಓಡ್ತಾ ಇದ್ರೆ ಬಯಲು ಸಿಗೋ ತನಕ ಹಾರ್ಬಹುದು. ಬಯಲಿನ ಮೇಲೆ ಬಂದು ಸ್ವಿಚ್ಚು ಆಫ್ ಮಾಡಿ ಇಳೀಬಹುದು. ನಿಧಾನ ಆಯ್ತು ಅಂದ್ರೆ ಎಲ್ಲಿದೀರೋ ಅಲ್ಲೇ ಕೆಳಗೆ. ಕಾಡೋ, ಹೊಳೆಯೋ, ಯಾರ ಮನೆ ಹಂಚೋ."

ಅವನು ಆ ಸ್ಪ್ರಿಂಗನ್ನು ಬೆರಳಿನಿಂದ ಒತ್ತಿ ನೋಡಿದ. "ಅಲ್ಲಿ ಕಲ್ಲಿಲ್ಲ," ಎಂದ, ನಮಗಲ್ಲ, ತನಗೇ. ಆಮೇಲೆ ಇಕ್ಕಳ ತಂದು ಜೀಪಿನ ಸ್ಪ್ರಿಂಗು ಬಿಚ್ಚಿ ಹೊರಗೆ ಎಸೆದ. ಹಳೆಯದು ಎಲ್ಲಿದೆ ಎಂದು ಹುಡುಕಿದರೆ ಶಾಂತಕ್ಕ ಅದನ್ನು ಹಿತ್ತಲ ಬಾಗಿಲಿಗೆ ಹಾಕಿಸಿಕೊಂಡಿದ್ದರು. ಅವರು ಬೈಯುತ್ತಲೇ ಬಿಚ್ಚಿಕೊಟ್ಟರು.

"ಧನ್ಯಾ," ಎಂದ ಪುಟ್ಟಪ್ಪಣ್ಣ ಸ್ಪ್ರಿಂಗು ಕೂರಿಸುತ್ತಾ, "ಆ ನಕ್ಷೆ ತಗೊಂಬಾ. ಇನ್ನೂ ಎಂತ ಎಂತ ಸರಿ ಮಾಡಿದೀನಿ ಅಂತ ನೋಡ್ಬೇಕು."

ಮತ್ತೆ ಮೂರು ಸಿಕ್ಕವು. ಅವನ್ನು ಇಲ್ಲಿ ಬರೆಯುವುದಿಲ್ಲ, ಪುಟ್ಟಪ್ಪಣ್ಣನ ಮರ್ಯಾದೆ ಪ್ರಶ್ನೆ.

ಅಂದೇ ಅವನು ಲಿವರ್ರನ್ನು ಧನ್ಯಶ್ರೀ ಹೇಳಿದಂತೆ ಬಿಗಿದ. ಆದರೆ ಕೈ? ಅದಕ್ಕೆ ಅವನು ಹುಡುಕಿದ ದಾರಿ ಅವನೊಬ್ಬನಿಗೇ ಹೊಳೆಯುವಂಥದ್ದು. ತನ್ನ ಸ್ವಂತ ಜೀಪಿನ ಗುಂಡಿಯ ಕೇಬಲ್ಲನ್ನು ಒಂದು ಪಟ್ಟಿಗೆ ಸುತ್ತಿಸಿ, ಒಳಗೆ ತಳ್ಳಿದರೆ ಜೋರು, ಎಳೆದರೆ ನಿಧಾನ ಆಗುವಂತೆ ತಿರುಗಿಸಿದ. ಕಾಲಿನ ಎಕ್ಸಲೇಟರಿನ ಕಂಬಿ ಬಿಚ್ಚಿಟ್ಟ. ಇನ್ನು ಹತ್ತು ದಿನ ಎಲ್ಲಿಗೆ ಹೋದರೂ ಈ ಜೀಪಿನಲ್ಲೇ, ಕೈಯಲ್ಲೇ. ಮೊದಲೆರಡು ದಿನ ಗ್ಯಾರೇಜಿನ ಅಂಗಳ, ಆಮೇಲೆ ಖಾಲಿ ಮಣ್ಣು ರಸ್ತೆ.

ನಾನು ದಿನಾ ಫೋನು ಮಾಡುತ್ತಿದ್ದೆ. ಎತ್ತುತ್ತಿದ್ದವರು ಶಾಂತಕ್ಕ.

"ಎಂತ ಹೇಳ್ಲಿ ನಾಗೇಂದ್ರ, ನಿನ್ನೆ ಗೊಬ್ಬರದ ಗುಂಡಿಗೆ ಇಳಿಸಿದ್ರು. ಇವತ್ತು ಪರವಾಗಿಲ್ಲ, ಬೇಲಿ ಒಂದೇ. ಊಟಕ್ಕೆ ಕೂತ್ರೂ ಎಡಗೈ ಹಿಂದೆ ಮುಂದೆ ಆಡ್ತಾ ಇರುತ್ತೆ. ಹಪ್ಪಳದ ಡಬ್ಬ ಮೂರು ಸಲ ಬಿತ್ತು. ನಾನೇ ಪಕ್ಕದಲ್ಲಿ ಕೂರಲ್ಲ ಈಗ."

ಎಂಟನೆಯ ದಿನ ಪುಟ್ಟಪ್ಪಣ್ಣ ಅದೇ ಜೀಪಿನಲ್ಲಿ ಸಾಗರಕ್ಕೇ ಬಂದುಬಿಟ್ಟ. ಎಂಜಿನ್ನು ಆರಿಸದೆ ನನ್ನ ಅಂಗಡಿಯ ಮುಂದೆ ನಿಲ್ಲಿಸಿ, ಎದುರಿನ ಹೋಟೆಲಿಗೆ ಚಾ ಕುಡಿಯಲು ಹೋದ. ಹಿಂದೆಯೇ ಒಂದು ಲಾರಿ ಬಂದು ಹಾರನ್ನು ಬಾರಿಸತೊಡಗಿತು.

"ನಾಗೇಂದ್ರ, ಸ್ವಲ್ಪ ಒಳಗೆ ತಗೊಳ್ಳೋ!" ಎಂದು ಅವನು ಹೋಟೆಲಿನಿಂದಲೇ ಕೂಗಿದ.

ನಾನು ಹತ್ತಿ ಗೇರು ಹಾಕಿದೆ. ಜೀಪು ಸ್ವಲ್ಪ ಜೋರಾಗಿ ಹೊರಟಿತು. ಕಾಲಡಿಯಲ್ಲಿ ಎಕ್ಸಲೇಟರು ಸತ್ತುಬಿದ್ದಿದೆ, ನೆನಪಿತ್ತು. ಗುಂಡಿ ತಿರುಗುಮುರುಗು, ಅದೂ ನೆನಪಿತ್ತು. ಆದರೂ ಅಂಗಡಿಯ ಮೆಟ್ಟಿಲು ಹತ್ತಿರ ಬಂದಾಗ ನನ್ನ ಎಡಗೈ ಯಾರನ್ನೂ ಕೇಳದೆ ಗುಂಡಿಯನ್ನು ಒಳಗೆ ತಳ್ಳಿತು. ಜೀಪು ಗುರ್ರೆಂದು ಹಾರಿ, ಮುಂದೆ ರಾಶಿ ಹಾಕಿದ್ದ ತೆಂಗಿನ ನಾರಿನೊಳಗೆ ಹೆಡ್‌ಲೈಟಿನವರೆಗೂ ಹೊಕ್ಕು ನಿಂತಿತು. ನಾರಿಗೂ ಏನೂ ಆಗಲಿಲ್ಲ, ಜೀಪಿಗೂ ಆಗಲಿಲ್ಲ. ಲಾರಿಯವನು ಹಾರನ್ನು ಬಿಟ್ಟು ಚಪ್ಪಾಳೆ ಹೊಡೆದ.

ಪುಟ್ಟಪ್ಪಣ್ಣ ಚಾದ ಲೋಟ ಹಿಡಿದೇ ಓಡಿಬಂದ. ಬೈಯುತ್ತಾನೆಂದುಕೊಂಡೆ.

"ತಳ್ಳಿದ್ಯಲ್ಲೋ!"

"ಜೀಪಲ್ಲಿ ತಳ್ಳಿದ್ರೆ ನಿಧಾನ ಅಲ್ವಾ ಮಾರಾಯ್ರೆ!"

"ನಂಗೆ ಹಂಗೆ ಅನ್ಸಲೇ ಇಲ್ಲ ಕಣೋ!" ಅವನ ಕಣ್ಣು ಹೊಳೆಯುತ್ತಿತ್ತು. "ಅಲ್ಲಿಂದ ನೋಡ್ತಾ ಇದ್ದೆ, ನೀನು ತಳ್ಳೋದು ಕಂಡು, ಇವ ಎಂತಕ್ಕೆ ಜೋರು ಮಾಡ್ತಾನೆ ಅಂದ್ಕೊಂಡೆ!"

ನನ್ನ ಅವಸ್ಥೆಗೆ ಅವನಿಗಾದ ಸಂತೋಷ ನೋಡಿ ನನಗೂ ಸಿಟ್ಟು ಬರಲಿಲ್ಲ. ಚಾ ಹಣವನ್ನು ಮಾತ್ರ ಅವನಿಂದಲೇ ಕೊಡಿಸಿದೆ.

ಧನ್ಯಶ್ರೀಯ ರಜೆಯ ಕಡೆಯ ದಿನ, ಬೆಳಿಗ್ಗೆ ಏಳು ಗಂಟೆ. ಲಿಂಗನಮಕ್ಕಿ ಹಿನ್ನೀರು ಬೇಸಿಗೆಗೆ ಇಳಿದುಹೋಗಿ, ಕಣ್ಣು ಹಾಯುವಷ್ಟು ದೂರ ಗರಿಕೆಯ ಬಯಲು ಬಿದ್ದಿತ್ತು. ವಿಮಾನವನ್ನು ಮಿನಿ ಲಾರಿಯಲ್ಲಿ ತಂದಿಳಿಸಿದ್ದೆವು, ರೆಕ್ಕೆ ಬಿಟ್ಟು. ಹಾರುವುದಕ್ಕೆ ಕಾಗದಪತ್ರದ ಕೆಲಸ ಇನ್ನೂ ಬೇಕಾದಷ್ಟಿತ್ತು, ಇವತ್ತು ನೆಲದ ಮೇಲೆ ಓಡಿಸಿ ನೋಡುವುದಷ್ಟೆ. "ರೆಕ್ಕೆ ಇದ್ರೆ ದೊಡ್ಡಪ್ಪಂಗೆ ಬೇರೆ ಯೋಚ್ನೆ ಬರುತ್ತೆ," ಎಂದು ಧನ್ಯಶ್ರೀ ಅವನ್ನು ಶೆಡ್ಡಿನಲ್ಲೇ ಬೀಗ ಹಾಕಿಸಿದ್ದಳು.

ಶಾಂತಕ್ಕನ ಪರೀಕ್ಷೆಯಲ್ಲಿ ಪುಟ್ಟಪ್ಪಣ್ಣ ಹಿಂದಿನ ದಿನ ಪಾಸಾಗಿದ್ದ, ಇಪ್ಪತ್ತಕ್ಕೆ ಇಪ್ಪತ್ತು. ಅದು ಸತ್ತ ಎಂಜಿನ್ನಿನ ಮಾತು. ಇವತ್ತು ಮೂಗಿನಲ್ಲಿ ಪಂಕ ಗಿರ್ರನೆ ತಿರುಗುತ್ತಿತ್ತು, ಸೀಟು ನಡುಗುತ್ತಿತ್ತು, ಅವನ ಕಿವಿಯ ಹಿಂದೆ ಬೆವರು ಇಳಿಯುತ್ತಿದ್ದುದು ನನಗೇ ಕಾಣುತ್ತಿತ್ತು. ಮುಂದೆ ಅವನು, ಹಿಂದೆ ಧನ್ಯಶ್ರೀ.

ಮೊದಲ ಸುತ್ತು ಹೋದರು. ಜೋರಾಯಿತು, ನಿಧಾನವಾಯಿತು, ಆ ತುದಿಯಲ್ಲಿ ಬಾತುಕೋಳಿಯ ಹಾಗೆ ಸೊಂಟ ತಿರುಗಿಸಿ ವಾಪಸ್ ಬಂದರು. ಪುಟ್ಟಪ್ಪಣ್ಣ ಎಂಜಿನ್ನು ಆರಿಸಿದ.

"ಧನ್ಯಾ, ಲಿವರ್ರು ಭಾರ ಇದೆ."

"ಬಿಲ್ಲೆ ಬಿಗಿ ಇರ್ಬೇಕು."

"ಬಿಲ್ಲೆ ಅಲ್ಲ. ನಾನೇ ಬಿಗಿದ ಬಿಲ್ಲೆ, ಅದ್ರ ಭಾರ ನಂಗೊತ್ತು. ಹಿಂದೆ ನಿನ್ ಕೈ ಇದೆ."

ಧನ್ಯಶ್ರೀ ನಕ್ಕಳು. "ಇರುತ್ತೆ ದೊಡ್ಡಪ್ಪ. ಎಲ್ರಿಗೂ ಇಡ್ತೀನಿ. ಅದು ನಮ್ ಪದ್ಧತಿ."

"ಇರ್ಲಿ. ನಂಗೆ ಗೊತ್ತಾಯ್ತು ಅಂತ ಹೇಳ್ದೆ ಅಷ್ಟೆ."

ಎರಡನೇ ಸುತ್ತಿನಲ್ಲಿ ವೇಗ ಹೆಚ್ಚಿಸಿದರು. ಅರ್ಧ ಬಯಲು ದಾಟಿರಬೇಕು, ಮುಂದಿನ ಚಕ್ರ ಒಂದು ಕುಳಿಗೆ ಬಿದ್ದು ವಿಮಾನ ಪಕ್ಕಕ್ಕೆ ವಾಲಿತು. ಶಾಂತಕ್ಕ ನನ್ನ ತೋಳು ಹಿಡಿದರು, ಉಗುರು ಊರಿತು. ನಾನು ಕಿವಿಯಲ್ಲೇ ನೋಡುತ್ತಿದ್ದೆ: ಈಗ ಶಬ್ದ ಏರಿದರೆ ಹಳೆಯ ಕೈ, ಇಳಿದರೆ ಹೊಸ ಕೈ. ಶಬ್ದ ಆ ಕ್ಷಣವೇ ಇಳಿಯಿತು. ವಿಮಾನ ತಡವರಿಸಿ, ನೇರವಾಗಿ, ನಿಂತಿತು. ಇಳಿಸಿದ್ದು ಯಾರ ಕೈಯೋ, ಇಲ್ಲಿಂದ ನಮಗೆ ಹೇಗೆ ತಿಳಿಯಬೇಕು?

ವಾಪಸ್ ಬಂದ ಮೇಲೆ ಧನ್ಯಶ್ರೀ ಬೆಲ್ಟು ಬಿಚ್ಚಿದಳು. ಹಿಂದಿನ ಬಾಗಿಲಿನಿಂದ ಇಳಿದು, ಮುಂದೆ ಬಂದು, ದೊಡ್ಡಪ್ಪನ ಕಿವಿಗೆ ಬಗ್ಗಿ ಎಂಜಿನ್ನಿನ ಶಬ್ದ ಮೀರಿಸಿ ಕೂಗಿದಳು.

"ನಾನು ಮುಟ್ಟೋದ್ರೊಳಗೆ ನೀವೇ ಎಳೆದ್ರಿ!"

"ಆಂ?"

"ಒಬ್ರೇ ಹೋಗಿ ಬನ್ನಿ! ನಡಿಗೆಗಿಂತ ಸ್ವಲ್ಪ ಜೋರು! ಆ ಒಣಗಿದ ಮರದ ಬೊಡ್ಡೆ ತನಕ!"

"ಒಬ್ನೇ?"

"ಬೇಡ್ವಾ? ನಾನೇ ಹೋಗ್ಲಾ?"

ಪುಟ್ಟಪ್ಪಣ್ಣ ಬಾಗಿಲು ಎಳೆದುಕೊಂಡ ರಭಸಕ್ಕೆ ಅವಳು ಕೈ ಹಿಂದೆ ತೆಗೆದುಕೊಳ್ಳಬೇಕಾಯಿತು.

ಅವನು ಹೊರಟ. ಹಿಂದಿನ ಸೀಟು ಖಾಲಿ, ನನ್ನ ಕೆಂಪು ಕುಶನ್ನು ಮಾತ್ರ ಕುಣಿಯುತ್ತಿತ್ತು. ಧನ್ಯಶ್ರೀ ನನ್ನ ಪಕ್ಕದಲ್ಲೇ ಗರಿಕೆಯ ಮೇಲೆ ನಿಂತಿದ್ದಳು. ಅವಳ ಎಡಗೈ ಗಾಳಿಯಲ್ಲಿ ಇಲ್ಲದ ಲಿವರ್ರನ್ನು ಹಿಡಿದಿತ್ತು. ಬಯಲಿನಲ್ಲಿ ಶಬ್ದ ಏರಿದರೆ ಆ ಕೈ ಮುಂದೆ, ಇಳಿದರೆ ಹಿಂದೆ. ಕೆಲವು ಸಲ ಅವಳ ಕೈ ಮೊದಲು ಸರಿಯುತ್ತಿತ್ತು, ಶಬ್ದ ಆಮೇಲೆ ಬರುತ್ತಿತ್ತು. ಅಷ್ಟರಲ್ಲಿ ಅವಳ ಹುಬ್ಬು ಗಂಟಾಗುತ್ತಿತ್ತು.

ಬೊಡ್ಡೆಯ ಹತ್ತಿರ ಶಬ್ದ ಮೆಲ್ಲಗಾಯಿತು. ತಿರುಗಿದ. ಮತ್ತೆ ಏರಿತು.

"ಈ ಮನುಷ್ಯ ಒಬ್ರೇ ಹೊರಟ್ರೆ ಎಂತ ನಗು ನೋಡು," ಎಂದರು ಶಾಂತಕ್ಕ. ಅಷ್ಟು ದೂರಕ್ಕೆ ಮುಖ ಕಾಣುತ್ತಿರಲಿಲ್ಲ. ಫ್ಲಾಸ್ಕಿನಿಂದ ಚಾ ಬಗ್ಗಿಸಿ ಧನ್ಯಶ್ರೀಯ ಕಡೆ ಚಾಚಿದರು. "ತಗಾ, ಆರುತ್ತೆ."

ವಿಮಾನ ಇನ್ನೂ ನಮ್ಮ ಕಡೆ ಓಡಿಬರುತ್ತಲೇ ಇತ್ತು. ಧನ್ಯಶ್ರೀ ಗಾಳಿಯಲ್ಲಿದ್ದ ಎಡಗೈಯನ್ನು ಒಮ್ಮೆ ನೋಡಿಕೊಂಡಳು, ಬಿಚ್ಚಿದಳು, ಆ ಕೈಯಲ್ಲೇ ಲೋಟ ತೆಗೆದುಕೊಂಡು ಊದಿ ಕುಡಿಯತೊಡಗಿದಳು.